ಸೊಸೆ ಕೆಲಸ ಬಿಟ್ಟ ರೀತಿ

ಕೆಲಸ ಬಿಡುವ ವಿಷಯವನ್ನು ಸೊಸೆ ಮೊದಲು ಹೇಳಿದ್ದು ಗಂಡನಿಗಲ್ಲ, ಅತ್ತೆಗೆ. ಒಗೆದ ಬಟ್ಟೆ ಒಣಗಿತ್ತು. ಇಬ್ಬರೂ ಮಹಡಿಯ ಮೇಲೆ ನಿಂತು ದೊಡ್ಡ ಹೊದಿಕೆಯೊಂದನ್ನು ಎರಡು ಕಡೆಯಿಂದ ಹಿಡಿದು ಮಡಚುತ್ತಿದ್ದರು. ಹೊದಿಕೆ ಮಡಚುವಾಗ ಒಬ್ಬರ ಮುಖ ಒಬ್ಬರು ನೋಡಲೇಬೇಕು. ಅದಕ್ಕೇ ಅವಳು ಆ ಹೊತ್ತನ್ನು ಆರಿಸಿಕೊಂಡಿದ್ದಳು.

"ಅತ್ತೆ, ಕಣ್ಣಾಸ್ಪತ್ರೇಲಿ ಕೆಲಸ ಸಿಕ್ಕಿದೆ. ಅಂಗಡಿ ಬಿಡೋಣ ಅಂತಿದ್ದೀನಿ."

ಅತ್ತೆ ತಮ್ಮ ಕೈಯಲ್ಲಿದ್ದ ತುದಿಗಳನ್ನು ತಂದು ಸೊಸೆಯ ಕೈಗೆ ಸೇರಿಸಿದರು. ದಿಂಬಿನ ಚೀಲಗಳನ್ನು ಒಂದರ ಮೇಲೊಂದು ಇಟ್ಟರು. ಆಮೇಲೆ, ಅವನಿಗೆ ಹೇಳಿದೆಯಾ ಎಂದು ಕೇಳಿದರು. ಇಲ್ಲ, ಮೊದಲು ನಿಮಗೆ ಹೇಳಬೇಕು ಅನ್ನಿಸಿತು ಎಂದಳು ಸೊಸೆ.

"ನನಗೆ ಹೇಳಿದ್ರೆ ನಾನೇನು ಮಾಡ್ಲಿ," ಎಂದು ಅತ್ತೆ ಖಾಲಿ ಬಕೆಟ್ಟನ್ನು ಎತ್ತಿಕೊಂಡು ಮೆಟ್ಟಿಲಿಳಿದು ಹೋದರು.

ಅಂಗಡಿ ಅತ್ತೆಯ ತಮ್ಮನದು. ಪೇಟೆಯ ತಿರುವಿನಲ್ಲಿರುವ ಕನ್ನಡಕದ ಅಂಗಡಿ. ಮನೆಯಲ್ಲಿ ಅವರು ಮಗ ಸೊಸೆಗೆ ಅಂಗಡಿ ಮಾವ, ಮೊಮ್ಮಗಳಿಗೆ ಅಂಗಡಿ ತಾತ. ಅತ್ತೆಗೆ ಒಡಹುಟ್ಟಿದವರೆಂದರೆ ಅವರೊಬ್ಬರೇ. ಅತ್ತೆಯ ಗಂಡ ತೀರಿಕೊಂಡಾಗ ಮಗ ಇನ್ನೂ ಶಾಲೆಯಲ್ಲಿದ್ದ. ಅವನ ಓದು, ಮನೆಯ ದಿನಸಿ, ಸೋರುವ ಛಾವಣಿ, ಎಲ್ಲವನ್ನೂ ನೋಡಿಕೊಂಡದ್ದು ತಮ್ಮ. ಅದನ್ನು ಅವರು ಎಂದೂ ಆಡಿ ತೋರಿಸಿರಲಿಲ್ಲ. ಆಡಿ ತೋರಿಸದಿದ್ದುದರಿಂದಲೇ ಅತ್ತೆಗೆ ಅದು ಇನ್ನೂ ಭಾರವಾಗಿತ್ತು. ಮುಂದೆ ಮಗ ದುಡಿಯುತ್ತಿದ್ದ ಗಿರಣಿ ಮುಚ್ಚಿ ಅವನು ಕೈ ಕಟ್ಟಿ ಕೂತಾಗ, ಸೊಸೆಯನ್ನು ಅಂಗಡಿಗೆ ಕಳಿಸು ಎಂದವರೂ ಅವರೇ.

ಸೊಸೆ ಮೊದಲು ಹೋದದ್ದು ಗಾಜಿನ ಕಪಾಟುಗಳನ್ನು ಒರೆಸುವುದಕ್ಕೆ. ನೋಡನೋಡುತ್ತ ಒಳಗಿನ ಕೆಲಸ ಕಲಿತಳು. ಗಾಜಿನ ಮೇಲೆ ಗುರುತು ಹಾಕುವುದು, ಅದನ್ನು ಯಂತ್ರಕ್ಕೆ ಕೊಟ್ಟು ಫ್ರೇಮಿನ ಅಳತೆಗೆ ಉಜ್ಜುವುದು, ಕಡ್ಡಿಗಳನ್ನು ಬಿಸಿ ಮಾಡಿ ಗಿರಾಕಿಯ ಕಿವಿಗೆ ತಕ್ಕ ಹಾಗೆ ಬಗ್ಗಿಸುವುದು. ಕೆಲವೇ ವರ್ಷಗಳಲ್ಲಿ ಜೋಡಣೆಯ ಕೆಲಸವೆಲ್ಲ ಅವಳ ಕೈಗೆ ಬಂತು. ಗಂಡ ಈಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮನೆ ಒಂದು ದಡಕ್ಕೆ ಬಂದಿತ್ತು. ಆದರೂ ಅಂಗಡಿಯಲ್ಲಿ ಅವಳ ಜಾಗ ಯಾವುದೆಂದು ಅವಳಿಗೇ ತಿಳಿಯುತ್ತಿರಲಿಲ್ಲ. ಸಂಬಳದ ಮಾತು ಬಂದಾಗ ಅವಳು ಮನೆಯವಳು. ರಜೆಯ ಮಾತು ಬಂದಾಗ ಕೆಲಸದವಳು.

ಅದಕ್ಕೂ ಅವಳು ಬೇಸರಪಟ್ಟವಳಲ್ಲ. ಅವಳ ಆಸೆ ಬೇರೆ ಇತ್ತು. ಅಂಗಡಿಯ ಹಿಂಭಾಗದಲ್ಲಿ ಕಣ್ಣು ಪರೀಕ್ಷೆ ಮಾಡುವ ಕತ್ತಲೆ ಕೋಣೆ ಇದೆ. ಪರೀಕ್ಷೆ ಮಾಡುತ್ತಿದ್ದುದು ಮಾವ ಒಬ್ಬರೇ. ಅಕ್ಷರ ಕಾಣದೆ ತಡವರಿಸುತ್ತಿದ್ದವರು ಗಾಜು ಬದಲಿಸಿದ ಕೂಡಲೇ ಸರಸರನೆ ಓದತೊಡಗುವುದು ಇವಳ ಮೇಜಿನವರೆಗೂ ಕೇಳುತ್ತಿತ್ತು. ಅದನ್ನು ನನಗೂ ಕಲಿಸಿ ಎಂದು ಒಮ್ಮೆ ಕೇಳಿದಾಗ ಮಾವ ನಕ್ಕುಬಿಟ್ಟರು. ಇನ್ನೊಮ್ಮೆ ಕೇಳಿದಾಗ, ನೀನೂ ಒಳಗೆ ಕೂತರೆ ಹೊರಗೆ ಗಾಜು ಉಜ್ಜೋರು ಯಾರು ಎಂದರು. ಕಣ್ಣಾಸ್ಪತ್ರೆಯವರು ಜೋಡಣೆ ಕೆಲಸದ ಜೊತೆಗೆ ಪರೀಕ್ಷೆಯನ್ನೂ ಕಲಿಸುತ್ತೇವೆ ಎಂದಿದ್ದರು.

ಅಂದಿನ ರಾತ್ರಿ ಊಟಕ್ಕೆ ಕೂತಾಗ ವಿಷಯ ಎಲ್ಲರ ಮುಂದೆ ಬಂತು. ಗಂಡ ಮೊದಲು ಖುಷಿಪಟ್ಟ. ತಾಯಿಯ ಮುಖ ನೋಡಿ ಆ ಖುಷಿಯನ್ನು ಅರ್ಧಕ್ಕೇ ನುಂಗಿಕೊಂಡ. ಬೇಳೆ ಬಡಿಸಿಕೊಳ್ಳುತ್ತ ಒಂದು ಉಪಾಯ ಹೇಳಿದ. ಬೆನ್ನು ನೋವು, ಕೂತು ಮಾಡುವ ಕೆಲಸ ಆಗುವುದಿಲ್ಲ ಎಂದು ಹೇಳಿಬಿಡು, ನಾಲ್ಕು ದಿನ ಮನೆಯಲ್ಲಿರು, ಆಮೇಲೆ ಆಸ್ಪತ್ರೆಗೆ ಹೋಗು.

ಅತ್ತೆ, ಅದಕ್ಕಿಂತ ಚೂಟಿಯ ಶಾಲೆಯ ಪರೀಕ್ಷೆಯ ನೆಪ ಹೇಳುವುದು ವಾಸಿ ಎಂದರು. ಹುಡುಗಿ ಓದಿನಲ್ಲಿ ಹಿಂದೆ ಬಿದ್ದಿದ್ದಾಳೆ, ತಾಯಿ ಮನೆಯಲ್ಲಿರಬೇಕು ಎಂದರೆ ಯಾರೂ ಬೇಡ ಅನ್ನುವುದಿಲ್ಲ.

ಚೂಟಿ ಎಂದರೆ ಮೊಮ್ಮಗಳು, ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಳು. "ನಾನು ಯಾವ ವಿಷಯದಲ್ಲಿ ಹಿಂದೆ ಬಿದ್ದಿದ್ದೀನಿ ಅಜ್ಜಿ, ಅದನ್ನೂ ನೀನೇ ಹೇಳಿಬಿಡು," ಎಂದಳು.

ಸೊಸೆ ಎರಡೂ ಬೇಡ ಎಂದಳು. "ಸುಳ್ಳು ಹೇಳಿದ್ರೆ ಅದಕ್ಕೂ ದಿನಾ ಊಟ ಹಾಕಿ ಸಾಕ್ಬೇಕಾಗುತ್ತೆ. ಇದ್ದದ್ದನ್ನ ಇದ್ದ ಹಾಗೆ ಹೇಳ್ತೀನಿ. ಕೈಲಿರೋ ಕೆಲಸ ಮುಗಿಸಿಕೊಟ್ಟು ಬರ್ತೀನಿ."

ಕೈಯಲ್ಲಿದ್ದ ಕೆಲಸ ಸಣ್ಣದಲ್ಲ. ಕೆಲವು ಶಾಲೆಗಳ ಮಕ್ಕಳಿಗೆ ಕನ್ನಡಕ ಮಾಡಿಕೊಡುವ ಕೆಲಸವನ್ನು ಮಾವ ಆ ವರ್ಷ ಹಿಡಿದಿದ್ದರು. ಪೆಟ್ಟಿಗೆಗಟ್ಟಲೆ ಫ್ರೇಮು ಬಂದು ಬಿದ್ದಿದ್ದವು. ಮುಂದಿನ ತಿಂಗಳ ಕೊನೆಗೆ ಕೊಡಬೇಕಿತ್ತು. ಅಲ್ಲಿಯವರೆಗೆ ಕಾಯಲು ಆಸ್ಪತ್ರೆಯವರು ಒಪ್ಪಿದ್ದರು.

ರಾಜೀನಾಮೆ ಪತ್ರವನ್ನು ಊಟದ ಮೇಜಿನ ಮೇಲೇ ಬರೆದಳು. ಚೂಟಿ ಪಕ್ಕದಲ್ಲಿ ಕೂತು ಕಾಗುಣಿತ ನೋಡಿದಳು. ಶಾಲೆಯಲ್ಲಿ ಪತ್ರಲೇಖನ ಕಲಿತವಳಾದ್ದರಿಂದ "ಮಾನ್ಯರೇ" ಎಂದು ಶುರುವಾಗಲೇಬೇಕು ಎಂದು ಹಟ ಹಿಡಿದಳು. ತಾಯಿ "ಮಾವನವರಿಗೆ" ಎಂದು ಬರೆದು, ಸ್ವಲ್ಪ ಹೊತ್ತು ನೋಡಿ, ಅದನ್ನು ಹೊಡೆದು ಹಾಕಿ "ಮಾನ್ಯರೇ" ಎಂದೇ ಬರೆದಳು. ಕೆಲಸ ಕಲಿಸಿದ್ದಕ್ಕೆ ಕೃತಜ್ಞತೆ, ಬಿಡುವ ಕಾರಣ, ಬಿಡುವ ದಿನ. ಅಷ್ಟೇ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ, ಮನೆಯವರಿಗೆ ಯಾರಾದರೂ ಅರ್ಜಿ ಕೊಡುತ್ತಾರಾ ಎಂದರು.

"ಅಲ್ಲಿ ಕೆಲಸ ಮಾಡಿದ್ದೀನಲ್ಲ ಅತ್ತೆ. ಕೆಲಸಕ್ಕೆ ಕೊಡೋ ಮರ್ಯಾದೆ ಇದು."

ಮರುದಿನ ಗಿರಾಕಿಗಳು ಬರುವ ಮುಂಚೆ ಪತ್ರವನ್ನು ಮಾವನ ಕೈಗೆ ಕೊಟ್ಟಳು. ಅವರು ಅದನ್ನು ಬಿಡಿಸಲಿಲ್ಲ. ಸಂಬಳದ ವಿಷಯ ಎಂದುಕೊಂಡರು. ಬಾಯಲ್ಲಿ ಹೇಳಿದರೆ ಆಗುತ್ತಿರಲಿಲ್ಲವೇ, ಮುಂದಿನ ತಿಂಗಳಿಂದ ನೋಡೋಣ ಎಂದು ಸ್ಕ್ರೂಗಳ ತಟ್ಟೆಯ ಕೆಳಗೆ ಸಿಕ್ಕಿಸಿದರು. ಸೊಸೆ ಅಲ್ಲಿಂದ ಕದಲಲಿಲ್ಲ.

"ಸಂಬಳ ಅಲ್ಲ ಮಾವ. ಕೆಲಸ ಬಿಡ್ತಿದ್ದೀನಿ. ಕಣ್ಣಾಸ್ಪತ್ರೆಗೆ ಸೇರ್ತೀನಿ."

ಮಾವ ಕೈಯಲ್ಲಿದ್ದ ಬಟ್ಟೆಯಿಂದ ಆಗಲೇ ಒರೆಸಿದ್ದ ಗಾಜನ್ನು ಮತ್ತೆ ಒರೆಸಿದರು. ಕೌಂಟರಿನಲ್ಲಿ ಫ್ರೇಮುಗಳನ್ನು ಸಾಲಾಗಿ ಇಡುತ್ತಿದ್ದ ನಡುವಯಸ್ಸಿನ ನೌಕರ ಕೂಡ ಕೈ ನಿಲ್ಲಿಸಿದ. ಅವನ ಬಾಯಿಗೆ ಬಿಡುವೇ ಇಲ್ಲದ್ದರಿಂದ ಎಲ್ಲರೂ ಅವನನ್ನು ರೇಡಿಯೊ ಎನ್ನುತ್ತಿದ್ದರು.

"ಹಾಗಾದ್ರೆ ಇವತ್ತೇ ಹೋಗು," ಎಂದರು ಮಾವ. "ನಾಳೆಯವರೆಗೆ ಯಾಕೆ?"

"ಶಾಲೆ ಮಕ್ಕಳ ಕನ್ನಡಕ ಮುಗಿಸ್ತೀನಿ. ರೇಡಿಯೊಗೆ ಯಂತ್ರ ಕಲಿಸ್ತೀನಿ. ಆಮೇಲೆ ಹೋಗ್ತೀನಿ. ನೀವು ಈಗಲೇ ಬೇಡ ಅಂದ್ರೆ ನಿಮ್ಮಿಷ್ಟ."

ಮಾವ ಬೆನ್ನು ತಿರುಗಿಸಿ ಕತ್ತಲೆ ಕೋಣೆಗೆ ಹೋದರು. ಸೊಸೆ ತನ್ನ ಮೇಜಿಗೆ ಹೋಗಿ ಯಂತ್ರದ ಗುಂಡಿ ಒತ್ತಿದಳು.

ಅಂದಿನಿಂದ ಮಾವ ಅವಳ ಜೊತೆ ನೇರವಾಗಿ ಮಾತು ಬಿಟ್ಟರು. ಹೇಳುವುದಿದ್ದರೆ ರೇಡಿಯೊ ಮೂಲಕ. ಅದೂ ಬಹುವಚನದಲ್ಲಿ. ಈ ಗಾಜು ಸಂಜೆಗೆ ಬೇಕು ಅಂತ ಅವರಿಗೆ ಹೇಳು. ಅವರು ಊಟಕ್ಕೆ ಹೋಗೋದಾದರೆ ಹೋಗಲಿ. ಇಷ್ಟು ವರ್ಷ ಬಾ, ಹೋಗು ಎನ್ನುತ್ತಿದ್ದ ಬಾಯಲ್ಲಿ ಈ ಮರ್ಯಾದೆ ಕೇಳಿದಾಗಲೆಲ್ಲ ಅವಳಿಗೆ ಬೈಸಿಕೊಂಡ ಹಾಗಾಗುತ್ತಿತ್ತು. ಒಂದು ದಿನ ಹಳೆಯ ಗಿರಾಕಿಯೊಬ್ಬರು ಮೂಗಿನ ಮೇಲೆ ಕನ್ನಡಕ ಜಾರುತ್ತದೆ ಎಂದು ಬಂದಾಗ, ಈಗಲೇ ಸರಿಮಾಡಿಸಿಕೊಂಡು ಹೋಗಿ, ಇವರು ದೊಡ್ಡ ಜಾಗಕ್ಕೆ ಹೋಗುತ್ತಿದ್ದಾರೆ, ನಮ್ಮಂಥವರು ಇನ್ನು ಕಣ್ಣಿಗೆ ಕಾಣುವುದಿಲ್ಲ ಎಂದರು ಮಾವ. ಗಿರಾಕಿ ಮುಜುಗರದಿಂದ ನಕ್ಕರು. ಸೊಸೆ ಕಡ್ಡಿ ಬಗ್ಗಿಸಿ, ಅವರ ಕಿವಿಗೆ ಹಾಕಿ ನೋಡಿ, ಈಗ ಸರಿಯಾಯಿತೇ ಎಂದಷ್ಟೇ ಕೇಳಿದಳು. ಅವರು ಹೋದ ಮೇಲೆ ಹಿಂದಿನ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡು ಬಂದಳು. ರೇಡಿಯೊ ಏನನ್ನೂ ಕೇಳದೆ ಒಂದು ಲೋಟ ಚಹಾ ತಂದು ಮೇಜಿನ ಮೇಲಿಟ್ಟ.

ಮನೆಯಲ್ಲೂ ಅಷ್ಟೇ. ಮಾವ ದಿನ ಬಿಟ್ಟು ದಿನ ಬೆಳಿಗ್ಗೆ ಅಂಗಡಿಗೆ ಹೋಗುವ ದಾರಿಯಲ್ಲಿ ಅಕ್ಕನ ಮನೆಗೆ ಬಂದು ಚಹಾ ಕುಡಿದು ಹೋಗುತ್ತಿದ್ದರು. ಅದು ನಿಂತುಹೋಯಿತು. ಅತ್ತೆ ಮೊದಲಿನ ವಾರ ಒಂದು ಲೋಟ ಹೆಚ್ಚಿಗೇ ಚಹಾ ಮಾಡುತ್ತಿದ್ದರು. ಅದು ಆರಿ ಮೇಲೆ ಕೆನೆ ಕಟ್ಟುತ್ತಿತ್ತು. ಯಾರೂ ಕುಡಿಯದಿದ್ದಾಗ ಬಚ್ಚಲಿಗೆ ಸುರಿದು, ಲೋಟವನ್ನು ಬೇಕೆಂದೇ ಸದ್ದು ಮಾಡಿ ತೊಳೆಯುತ್ತಿದ್ದರು. ಅಡುಗೆಮನೆಯಲ್ಲಿ ಅತ್ತೆ ಸೊಸೆ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ನಿಂತರೂ ಮಾತೆಲ್ಲ ಚೂಟಿಯ ಮೂಲಕವೇ ಆಗುತ್ತಿತ್ತು. ಉಪ್ಪು ಹಾಕಿದ್ದಾಳಾ ಕೇಳು. ಹಾಕಿದ್ದೀನಿ ಅಂತ ಹೇಳು. ಇಬ್ಬರ ನಡುವೆ ನಿಂತು ಚೂಟಿಗೆ ಸಾಕಾಗಿಹೋಗಿತ್ತು.

ಒಂದು ಸಂಜೆ ಅದು ಸಿಡಿಯಿತು. ಅತ್ತೆ ಪಲ್ಯ ಬಡಿಸುತ್ತ, ಇವಳ ಹಟದಿಂದ ನನಗೆ ತವರು ಅಂತ ಇದ್ದ ಒಂದು ಬಾಗಿಲೂ ಮುಚ್ಚಿತು, ನಮ್ಮನ್ನು ನಡುನೀರಿನಿಂದ ಎತ್ತಿದವನಿಗೆ ಇದೇ ಪ್ರತಿಫಲವೇ ಎಂದರು. ಚೂಟಿ ಚಮಚ ಕೆಳಗಿಟ್ಟಳು.

"ಅಂಗಡಿ ತಾತ ನಿಮ್ಮನ್ನ ಸಾಕಿದ್ರು ಸರಿ ಅಜ್ಜಿ. ಅದಕ್ಕೆ ಅಮ್ಮನ್ನ ಬರೆದುಕೊಟ್ಟಿದ್ದೀರಾ?"

ಗಂಡ ಮಗಳಿಗೆ ಗದರಿದ. ಅತ್ತೆ ಬಟ್ಟಲನ್ನು ಅಲ್ಲೇ ಇಟ್ಟು ತಮ್ಮ ಕೋಣೆಗೆ ಹೋಗಿಬಿಟ್ಟರು. ಗಂಡನಿಗೂ ತಲೆಬಿಸಿಯಾಗಿತ್ತು. ನಾಳೆ ನಾನೇ ಅಂಗಡಿಗೆ ಹೋಗಿ ಇದನ್ನು ಇತ್ಯರ್ಥ ಮಾಡಿ ಬರುತ್ತೇನೆ, ನಿನ್ನ ಜೊತೆ ಹಾಗೆ ನಡೆದುಕೊಳ್ಳೋಕೆ ಅವರು ಯಾರು ಎಂದ. ಸೊಸೆ ಅವನನ್ನು ತಡೆದಳು. ಅವರು ನಿಮ್ಮ ಸೋದರಮಾವ, ಹೋಗಿ ಮಾತಾಡಿದರೆ ಜಗಳವೇ ಆಗುತ್ತದೆ, ನಾನು ಜಗಳ ಆಡದೆ ಹೊರಗೆ ಬರುತ್ತಿದ್ದೇನೆ, ಅದನ್ನು ಕೆಡಿಸಬೇಡಿ ಎಂದಳು. ಆಮೇಲೆ ಮಗಳ ಕಡೆ ತಿರುಗಿದಳು.

"ಅಜ್ಜಿ ಹತ್ರ ಹೋಗಿ ತಪ್ಪಾಯ್ತು ಅಂತ ಹೇಳಿ ಬಾ."

"ನಾನು ಹೇಳಿದ್ದು ಸುಳ್ಳಾ?"

"ಸುಳ್ಳು ಅಂತ ನಾನು ಹೇಳ್ಲಿಲ್ಲ. ಅವರ ಊಟ ಕೆಡಿಸಿದೆಯಲ್ಲ, ಅದಕ್ಕೆ."

ಚೂಟಿ ತಟ್ಟೆಯಲ್ಲಿ ಊಟ ಹಾಕಿಕೊಂಡು ಅಜ್ಜಿಯ ಕೋಣೆಗೆ ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ತಟ್ಟೆ ಖಾಲಿಯಿತ್ತು. ಅರ್ಧ ಅಜ್ಜಿ ತಿಂದರು, ಅರ್ಧ ನನಗೆ ತಿನ್ನಿಸಿದರು ಎಂದಳು.

ಶಾಲೆಯ ಕೆಲಸ ಮುಕ್ಕಾಲು ಮುಗಿದಿದ್ದಾಗ ಆಸ್ಪತ್ರೆಯಿಂದ ಫೋನ್ ಬಂತು. ಕಣ್ಣು ಪರೀಕ್ಷೆಯ ತರಬೇತಿ ಅಂದುಕೊಂಡದ್ದಕ್ಕಿಂತ ಬೇಗ, ಬರುವ ಸೋಮವಾರವೇ ಶುರುವಾಗುತ್ತದೆ. ಬಂದರೆ ಈ ತಂಡಕ್ಕೆ ಸೇರಿಸುತ್ತೇವೆ. ಇಲ್ಲದಿದ್ದರೆ ಕೆಲಸವೇನೋ ಇರುತ್ತದೆ, ಆದರೆ ಕೌಂಟರಿನಲ್ಲಿ. ಮುಂದಿನ ತಂಡ ಯಾವಾಗ ಎಂದು ಈಗಲೇ ಹೇಳಲಾಗುವುದಿಲ್ಲ.

ಫೋನ್ ಇಟ್ಟು ಅವಳು ಅಕ್ಕಿ ತೊಳೆಯಲು ಹೋದಳು. ಒಂದೇ ಅಕ್ಕಿಯನ್ನು ಮತ್ತೆ ಮತ್ತೆ ತೊಳೆಯುತ್ತಿದ್ದುದನ್ನು ನೋಡಿ ಗಂಡ ಏನೆಂದು ಕೇಳಿದ. ಹೇಳಿದಳು. ಅವನು ಒಂದು ಗಳಿಗೆಯೂ ಯೋಚಿಸಲಿಲ್ಲ. ಹೋಗು ಎಂದ. ನಿನ್ನ ಜೊತೆ ಮಾತೇ ಆಡದವರಿಗೆ ನೀನು ಕೊಟ್ಟ ಮಾತನ್ನು ಯಾಕೆ ಉಳಿಸಿಕೊಳ್ಳಬೇಕು? ಪತ್ರ ಕೊಟ್ಟಾಗಿದೆ, ಹೋಗು ಅಂತ ಅವರೇ ಅಂದಾಗಿದೆ.

ಪಕ್ಕದ ಕೋಣೆಯಲ್ಲಿದ್ದ ಅತ್ತೆಗೂ ಇದೆಲ್ಲ ಕೇಳಿಸಿತ್ತು. ಸೊಸೆ ಮರುದಿನ ಬೆಳಿಗ್ಗೆ ಬ್ರೆಡ್ಡಿಗೆ ಬೆಣ್ಣೆ ಸವರಿ ಮಗಳ ಡಬ್ಬಿಗೆ ಹಾಕುತ್ತಿದ್ದಾಗ ಅತ್ತೆ ಬಂದು ಪಕ್ಕದಲ್ಲಿ ನಿಂತರು. ಇಷ್ಟು ವಾರಗಳ ಮೇಲೆ ಅಂದೇ ಮೊದಲು ನೇರವಾಗಿ ಮಾತಾಡಿದ್ದು.

"ಸೋಮವಾರ ಆಸ್ಪತ್ರೆಗೆ ಹೋಗು. ನನ್ನ ತಮ್ಮನಿಗೆ ನಾನು ಹೇಳ್ಕೋತೀನಿ."

ಸೊಸೆ ಬೆಣ್ಣೆಯ ಚಾಕುವನ್ನು ಕೆಳಗಿಟ್ಟಳು.

"ಇಲ್ಲ ಅತ್ತೆ. ರೇಡಿಯೊ ಕೈ ಇನ್ನೂ ಪಳಗಿಲ್ಲ. ಇವತ್ತು ಬಿಟ್ಟು ಹೋದ್ರೆ ಮಕ್ಕಳ ಕನ್ನಡಕ ಅಲ್ಲೇ ನಿಲ್ಲುತ್ತೆ, ಮಾವ ಒಪ್ಪಿಕೊಂಡ ಮಾತೂ ತಪ್ಪುತ್ತೆ. ಮುಗಿಸ್ತೀನಿ ಅಂದವಳು ನಾನು."

"ನಿನ್ನ ತರಬೇತಿ?"

"ಇನ್ನೊಂದ್ಸಲ ಬರುತ್ತೆ."

ಬರುತ್ತದೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ. ಅತ್ತೆ ಡಬ್ಬಿಯ ಮುಚ್ಚಳ ಹಾಕಿದರು. ಅಂದಿನಿಂದ ಅವಳು ಅಂಗಡಿಯಿಂದ ಬರುವಷ್ಟರಲ್ಲಿ ತರಕಾರಿ ಹೆಚ್ಚಿ, ಪಾತ್ರೆ ತೊಳೆದಿಟ್ಟಿರುತ್ತಿದ್ದರು.

ಅಂಗಡಿಯಲ್ಲಿ ರೇಡಿಯೊಗೆ ಪಾಠ ನಡೆಯಿತು. ಅವನ ಬೆರಳು ದಪ್ಪ, ಮಾತು ಹೆಚ್ಚು. ಮಾತಿನ ಭರದಲ್ಲಿ ಗಾಜು ಒಡೆಯುತ್ತಿದ್ದ. ಯಂತ್ರ ತಿರುಗುವಾಗ ಬಾಯಿ ಮುಚ್ಚಿಕೊಂಡಿರಬೇಕು ಎಂದು ಸೊಸೆ ನಿಯಮ ಮಾಡಿದಳು. ಅವನು ತುಟಿಗಳ ನಡುವೆ ಒರೆಸುವ ಬಟ್ಟೆ ಕಚ್ಚಿಕೊಂಡು ಕೂತ. ಆಮೇಲೆ ಗಾಜು ಒಡೆಯುವುದು ಕಡಿಮೆಯಾಯಿತು. ಕತ್ತಲೆ ಕೋಣೆಯ ಬಾಗಿಲಲ್ಲಿ ನಿಂತು ಮಾವ ಇದನ್ನು ನೋಡಿದ್ದುಂಟು. ನಗು ಬಂದಂತಾಗಿ ಒಳಗೆ ಹೋಗಿಬಿಡುತ್ತಿದ್ದರು.

ಹೇಳಿದ ದಿನಕ್ಕೆ ಕನ್ನಡಕಗಳು ತಯಾರಾದವು. ಮಕ್ಕಳನ್ನು ಸಾಲಾಗಿ ಕರೆತಂದರು. ಒಬ್ಬೊಬ್ಬರಿಗೂ ಹಾಕಿ, ಕಿವಿಯ ಹಿಂದೆ ಒತ್ತುತ್ತದೆಯೇ ನೋಡಿ, ತಲೆ ಬಗ್ಗಿಸು, ಕುಣಿ, ಈಗ ಬಿತ್ತಾ ಎಂದು ಕೇಳಿ ಕಳಿಸಿದಳು. ಪುಟ್ಟ ಹುಡುಗಿಯೊಬ್ಬಳು ರಸ್ತೆಯಾಚೆಯ ಮರದಲ್ಲಿ ಎಲೆಗಳು ಬೇರೆ ಬೇರೆಯಾಗಿ ಇವೆ ಎಂದು ಟೀಚರನ್ನು ಕರೆದು ತೋರಿಸಿದಳು. ಸೊಸೆ ಸಾಲನ್ನು ಒಂದು ಕ್ಷಣ ನಿಲ್ಲಿಸಿ ಆ ಮರವನ್ನು ನೋಡಿದಳು.

ಕೊನೆಯ ದಿನ ಅವಳು ಯಂತ್ರ ಒರೆಸಿ, ಸ್ಕ್ರೂಗಳನ್ನು ಅಳತೆವಾರು ಬೇರೆ ಮಾಡಿ, ಯಾವ ಕಪಾಟಿನಲ್ಲಿ ಏನಿದೆ ಎಂದು ರೇಡಿಯೊಗೆ ಇನ್ನೊಮ್ಮೆ ತೋರಿಸಿದಳು. ಮಾವ ಕತ್ತಲೆ ಕೋಣೆಯಲ್ಲಿದ್ದರು. ಒಳಗೆ ಯಾರೂ ಗಿರಾಕಿ ಇರಲಿಲ್ಲ. ಅವಳು ಬಾಗಿಲಲ್ಲಿ ನಿಂತು, ಹೊರಟಿದ್ದೇನೆ ಮಾವ, ಎಲ್ಲಾ ನಿಮ್ಮಿಂದಲೇ ಕಲಿತದ್ದು ಎಂದಳು.

"ಬೀಗದ ಕೈ ರೇಡಿಯೊ ಹತ್ರ ಕೊಟ್ಟು ಹೋಗಿ," ಎಂದಿತು ಒಳಗಿನ ದನಿ.

ಅವಳು ಕೊಟ್ಟು ಹೋದಳು. ಮನೆಗೆ ಬಂದಾಗ ಗಂಡ ಏನಂದರು ಎಂದು ಕೇಳಿದ. ಏನೂ ಅನ್ನಲಿಲ್ಲ ಎಂದಳು. ಅಂದು ಊಟ ಮಾಡಿ ಬೇಗ ಮಲಗಿಬಿಟ್ಟಳು.

ಆಸ್ಪತ್ರೆಯಲ್ಲಿ ಕೌಂಟರಿನ ಕೆಲಸವೇ ಸಿಕ್ಕಿತು. ಬೂದು ಬಣ್ಣದ ಕೋಟು, ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತೇ ಇರಬೇಕು, ಟೋಕನ್ ಕೂಗಬೇಕು. ತರಬೇತಿಯವರು ಪುಸ್ತಕ ಹಿಡಿದು ಎದುರಿನ ಕೋಣೆಗೆ ಹೋಗುವುದು ಅವಳಿಗೆ ಕಾಣುತ್ತಿತ್ತು. ಮೊದಲ ದಿನಗಳಲ್ಲಿ ಅತ್ತ ನೋಡಲು ಕಷ್ಟವಾಗುತ್ತಿತ್ತು. ಆಮೇಲೆ ಅವರಲ್ಲೊಬ್ಬಳ ಗೆಳೆತನವಾಯಿತು. ಊಟದ ಹೊತ್ತಿನಲ್ಲಿ ಅವಳ ಪುಸ್ತಕ ಓದತೊಡಗಿದಳು. ಮನೆಯಲ್ಲಿ ಇಂಥವನ್ನು ಹೇಳಿದರೆ ಅತ್ತೆ ಕೇಳಿಸಿಕೊಳ್ಳುತ್ತಿದ್ದರು. ತಮ್ಮನ ವಿಷಯ ಅವರೂ ಎತ್ತುತ್ತಿರಲಿಲ್ಲ, ಇವಳೂ ಎತ್ತುತ್ತಿರಲಿಲ್ಲ.

ಹೀಗೇ ಕೆಲವು ವಾರ ಕಳೆದವು. ಒಂದು ಸಂಜೆ ಬಸ್ಸು ಸಿಗದೆ ಅವಳು ತಡವಾಗಿ ಮನೆಗೆ ಬಂದಳು. ಬಾಗಿಲಲ್ಲಿ ದೊಡ್ಡ ಚಪ್ಪಲಿಗಳಿದ್ದವು. ಒಳಗೆ ಊಟದ ಮೇಜಿನ ಮುಂದೆ ಮಾವ ಕೂತಿದ್ದರು. ಎದುರಿಗೆ ತಟ್ಟೆ ಇತ್ತು, ತಟ್ಟೆಯಲ್ಲಿ ಏನೂ ಇರಲಿಲ್ಲ. ಗಂಡ ಪೇಪರ್ ಹಿಡಿದು ಅದರ ಹಿಂದೆ ಮುಖ ಮುಚ್ಚಿಕೊಂಡಿದ್ದ. ಚೂಟಿ ನಗು ತಡೆಯಲು ಕೆನ್ನೆ ಕಚ್ಚಿಕೊಂಡಿದ್ದಳು. ಅಡುಗೆಯ ವಾಸನೆ ಮನೆ ತುಂಬಿತ್ತು.

ಮಾವ ಸೊಸೆಯನ್ನು ನೋಡಿದರು. ತಟ್ಟೆ ನೋಡಿದರು.

"ನೋಡಮ್ಮ, ಆಗಿನಿಂದ ಕೂತಿದ್ದೀನಿ. ನಿಮ್ಮತ್ತೆ ಒಂದು ಲೋಟ ನೀರು ಬಿಟ್ರೆ ಏನೂ ಕೊಟ್ಟಿಲ್ಲ."

ಅತ್ತೆ ಅಡುಗೆಮನೆಯಿಂದ ಬಿಸಿ ಪಾತ್ರೆ ಹಿಡಿದು ಬಂದರು. ಅವಳು ಬರಲಿ ಅಂದೆ, ಅದರಲ್ಲೇನು ತಪ್ಪು ಎಂದರು. ಸೊಸೆ ಕೈಕಾಲು ತೊಳೆದು ಬಂದು ತನ್ನ ಜಾಗದಲ್ಲಿ ಕೂತಳು. ಏನು ಮಾತಾಡಬೇಕೆಂದು ತಿಳಿಯದೆ ರೇಡಿಯೊ ಹೇಗಿದ್ದಾನೆ ಎಂದು ಕೇಳಿದಳು. ಕೆಲಸ ಪರವಾಗಿಲ್ಲ, ಬಾಯಿಂದ ಬಟ್ಟೆ ತೆಗೆದರೆ ಮಾತ್ರ ಕಷ್ಟ ಎಂದರು ಮಾವ. ಚೂಟಿಗೆ ನಗು ತಡೆಯಲಾಗಲಿಲ್ಲ.

ಮಾವ ಅಕ್ಕನ ಕಡೆ ತಿರುಗಿದರು. ತಮಾಷೆಗೆ ಅಂದ ಹಾಗಿತ್ತು. ಪೂರ್ತಿ ತಮಾಷೆಯಾಗಿರಲಿಲ್ಲ.

"ಕೈ ಬಿಟ್ಟು ಹೋದವಳಿಗೋಸ್ಕರ ನನ್ನನ್ನ ಉಪವಾಸ ಕೂರಿಸ್ತೀಯಲ್ಲ ಅಕ್ಕ."

ಅತ್ತೆ ಸೌಟನ್ನು ಪಾತ್ರೆಯಲ್ಲೇ ಬಿಟ್ಟರು. ಚಿಕ್ಕಂದಿನಿಂದ ತಮ್ಮನಿಗೆ ಎದುರಾಡಿದವರಲ್ಲ.

"ಅವಳು ಕೆಲಸ ಬಿಟ್ಟಳು. ನಿನ್ನ ಕೈ ಬಿಡ್ಲಿಲ್ಲ. ಶಾಲೆ ಮಕ್ಕಳ ಕನ್ನಡಕ ಮುಗಿಯೋ ಮುಂಚೇನೇ ಆಸ್ಪತ್ರೇಲಿ ಕಣ್ಣು ಪರೀಕ್ಷೆ ಕಲಿಸೋಕೆ ಕರೆದಿದ್ರು. ನಾನೇ ಹೋಗು ಅಂದೆ. ನಿನ್ನ ಅಂಗಡಿಗೆ ಮಾತು ಕೊಟ್ಟಿದ್ದೀನಿ ಅಂತ ಹೋಗ್ಲಿಲ್ಲ. ಈಗ ಕೌಂಟರಿನಲ್ಲಿ ನಿಂತು ಟೋಕನ್ ಕೂಗ್ತಾಳೆ."

ಗಂಡನ ಪೇಪರ್ ಕೆಳಗಿಳಿಯಿತು. ಸೊಸೆ, ಅದೆಲ್ಲ ಈಗ ಯಾಕೆ ಅತ್ತೆ ಎಂದಳು. ಮಾವನಿಗೆ ಈ ಸಂಗತಿ ಗೊತ್ತಿರಲಿಲ್ಲ. ಅವಳ ಕಡೆ ನೋಡಲು ಹೋಗಿ ಅವರ ನೋಟ ಮೇಜಿನ ಮೇಲೇ ಉಳಿಯಿತು. ಮಡಚಿಟ್ಟಿದ್ದ ಕೈಗಳನ್ನು ಬಿಡಿಸಿ ತೊಡೆಯ ಮೇಲಿಟ್ಟುಕೊಂಡರು.

ಅತ್ತೆ ನಿಟ್ಟುಸಿರು ಬಿಟ್ಟು ಸೌಟು ತುಂಬ ಅನ್ನ ತೆಗೆದು ತಮ್ಮನ ತಟ್ಟೆಯ ಮೇಲೆ ಹಿಡಿದರು.

ಮಾವ ತಟ್ಟೆಗೆ ಕೈ ಅಡ್ಡ ಹಿಡಿದರು.

"ಮೊದಲು ಅವಳಿಗೆ ಹಾಕು," ಎಂದರು.